ಕ್ರಿಸ್ಟಿನಾ ರೊಸೆಟ್ಟಿ ಬರೀ ಅಳುವ ಕವಯಿತ್ರಿಯೇ?

ತುಂಗೆಯ ದಡ:

19ನೇ ಶತಮಾನದ ಇಂಗ್ಲಿಷ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿಯ ಹೆಸರು ಬಂದಾಗಲೆಲ್ಲ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. ಮದುವೆಯಾಗದೆ ಉಳಿದವಳು, ಸದಾ ಕಾಯಿಲೆಯವಳು, ದೇವರು ಮತ್ತು ಸಾವು ಬಿಟ್ಟರೆ ಬೇರೆ ಯೋಚನೆಯೇ ಇಲ್ಲದವಳು ಅಂತ. ಕಾಲೇಜಿನಲ್ಲಿ ಅವಳ 'ರಿಮೆಂಬರ್' ಎಂಬ ಸಾನೆಟ್ (14 ಸಾಲಿನ ಪದ್ಯ) ಪಾಠವಾದಾಗಲೂ, ಸಾಯುತ್ತಿರುವ ಪ್ರೇಯಸಿ ಪ್ರಿಯಕರನಿಗೆ 'ನನ್ನನ್ನು ಮರೆಯಬೇಡ' ಎಂದು ಬೇಡಿಕೊಳ್ಳುತ್ತಾಳೆ ಅಂತ ಎರಡು ಸಾಲು ಬರೆಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಇದು ತುಂಬಾ ಅನ್ಯಾಯ ಅನಿಸುತ್ತದೆ. ಆ ಪದ್ಯವನ್ನು ಇಲ್ಲಿ ಸಾವಧಾನವಾಗಿ ನೋಡೋಣ.

ಅದನ್ನು ಬರೆದದ್ದು 1849ರ ಜುಲೈನಲ್ಲಿ. ಆಗ ಅವಳಿಗೆ 18. ಜೇಮ್ಸ್ ಕಾಲಿನ್ಸನ್ ಎಂಬ ಚಿತ್ರಕಾರನ ಜೊತೆ ಮದುವೆ ಗೊತ್ತಾಗಿತ್ತು. ಮೊದಲ ಎಂಟು ಸಾಲುಗಳಲ್ಲಿ 'ನೆನಪಿಡು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ನಿಜ. ಆದರೆ ನಡುವೆ ಒಂದು ಸಾಲು ನೋಡಿ. ನೀನು ಹಾಕಿಕೊಂಡ ನಮ್ಮ ಮುಂದಿನ ದಿನಗಳ ಲೆಕ್ಕಾಚಾರವನ್ನು ದಿನವೂ ನನಗೆ ಹೇಳಲಾಗದೆ ಹೋದಾಗ ನನ್ನನ್ನು ನೆನೆ, ಅನ್ನುತ್ತಾಳೆ. ಮುಂದಿನ ದಿನಗಳು ಇಬ್ಬರದು. ಲೆಕ್ಕ ಹಾಕಿದವನು ಅವನೊಬ್ಬನೇ. ಹೇಳುವವನು ಅವನು, ಕೇಳಿಸಿಕೊಳ್ಳುವವಳು ಇವಳು. ಕೈ ಹಿಡಿದುಕೊಳ್ಳುವವನೂ ಅವನೇ. ಇವಳು ಹೊರಡಲು ಅರ್ಧ ತಿರುಗಿ ಮತ್ತೆ ನಿಲ್ಲುವವಳು. ಮದುವೆಗೆ ಸಿದ್ಧವಾಗುತ್ತಿರುವ ಹುಡುಗಿ ಇದನ್ನು ಬರೆದಳು ಅನ್ನುವುದನ್ನು ಮರೆಯಬಾರದು.

ಒಂಬತ್ತನೇ ಸಾಲಿಗೆ ಬಂದಾಗ ಪದ್ಯ ಮಗ್ಗುಲು ಬದಲಿಸುತ್ತದೆ. ಸ್ವಲ್ಪ ಕಾಲ ಮರೆತರೂ ಕೊರಗಬೇಡ ಅನ್ನುತ್ತಾಳೆ. ಯಾಕೆ? ಕತ್ತಲೆ ಮತ್ತು ಕೊಳೆಯುವಿಕೆಯ ನಡುವೆ, ಒಮ್ಮೆ ನನ್ನಲ್ಲಿದ್ದ ಯೋಚನೆಗಳ ಗುರುತು ಏನಾದರೂ ಉಳಿದಿದ್ದರೆ, ನೆನೆದು ದುಃಖಪಡುವುದಕ್ಕಿಂತ ಮರೆತು ನಗುವುದೇ ಮೇಲು ಅಂತ. ಯಾವ ಯೋಚನೆಗಳು? ಅವನಿಗೆ ಗೊತ್ತಾದರೆ ದುಃಖ ತರುವಂಥವು ಏನಿದ್ದವು? ಅದನ್ನು ಹೇಳುವುದೇ ಇಲ್ಲ. ನನಗೆ ಇಲ್ಲಿ ಕಾಣುವುದು ತನ್ನದೊಂದನ್ನು ಬಚ್ಚಿಟ್ಟುಕೊಂಡ ಹುಡುಗಿ. ಅವನ ಕೈಗೆ ಪೂರ್ತಿ ಸಿಗುವುದಿಲ್ಲ ಅಂತ ತೀರ್ಮಾನ ಮಾಡಿದವಳು.

ಮುಂದಿನ ವರ್ಷ ಆ ಮದುವೆಯನ್ನು ಅವಳೇ ಮುರಿದಳು. ಕಾಲಿನ್ಸನ್ ಮತ್ತೆ ಕ್ಯಾಥೊಲಿಕ್ ಪಂಥಕ್ಕೆ ಹೋದ, ಇವಳು ಇಂಗ್ಲೆಂಡಿನ ಚರ್ಚಿನ ಆಂಗ್ಲಿಕನ್ ಪಂಥದಲ್ಲೇ ಉಳಿದಳು. 'ಬೇಡ' ಅನ್ನುವ ಶಕ್ತಿ ಅವಳ ಬದುಕಿಗೂ ಬರಹಕ್ಕೂ ಬೆನ್ನೆಲುಬು ಅನ್ನುವುದು ನನ್ನ ವಾದ. ನೀವೇನಂತೀರಿ?


ಹಳೆ ಪುಸ್ತಕ:

ಮೇಡಂ, ಚೆನ್ನಾಗಿ ಓದಿದ್ದೀರಿ. ಆದರೂ ಪೂರ್ತಿ ಒಪ್ಪಲಾರೆ. ಬದುಕಿನ ಕಡೆ ಸ್ವಲ್ಪ ನೋಡಿ. 1830ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಹುಟ್ಟಿದಳು. ತಂದೆ ಗೇಬ್ರಿಯೆಲೆ ರೊಸೆಟ್ಟಿ ಇಟಲಿಯಿಂದ ರಾಜಕೀಯ ಕಾರಣಕ್ಕೆ ಓಡಿಬಂದ ಕವಿ, ಕಿಂಗ್ಸ್ ಕಾಲೇಜಿನಲ್ಲಿ ಇಟಾಲಿಯನ್ ಪ್ರಾಧ್ಯಾಪಕ. 1843ರಲ್ಲಿ ಅವನ ಆರೋಗ್ಯ ಕೆಟ್ಟಿತು, ಕಣ್ಣು ಮಂಜಾಯಿತು, ಸಂಪಾದನೆ ನಿಂತಿತು. ತಾಯಿ ಪಾಠ ಹೇಳಲು ಹೊರಟಳು. ಅಕ್ಕ ಮರಿಯಾ ಬೇರೆಯವರ ಮನೆಯಲ್ಲಿ ಮಕ್ಕಳಿಗೆ ಕಲಿಸಲು ಹೋದಳು. ಅಣ್ಣ ವಿಲಿಯಂ 15ರ ಪ್ರಾಯದಲ್ಲೇ ತೆರಿಗೆ ಕಚೇರಿ ಸೇರಿದ. ಮನೆಯಲ್ಲಿ ಕಾಯಿಲೆಯ ಅಪ್ಪನ ಜೊತೆ ಉಳಿದವಳು ಕ್ರಿಸ್ಟಿನಾ. 14ರ ಹೊತ್ತಿಗೆ ಅವಳ ಮನಸ್ಸೂ ಮೈಯೂ ಕುಸಿದವು.

ಆಮೇಲೂ ಬಿಡುವೇ ಇಲ್ಲ. 1853ರಲ್ಲಿ ಅಮ್ಮನ ಜೊತೆ ಫ್ರೂಮ್ ಊರಿನಲ್ಲಿ ಶಾಲೆ ತೆರೆದರು, ಒಂದು ವರ್ಷದಲ್ಲೇ ಮುಚ್ಚಿದರು. 40 ದಾಟುತ್ತಿದ್ದಂತೆ ಥೈರಾಯ್ಡಿನ ಗ್ರೇವ್ಸ್ ಕಾಯಿಲೆ. ಮುಖ ಬದಲಾಯಿತು, ಕಣ್ಣುಗುಡ್ಡೆ ಮುಂದಕ್ಕೆ ಬಂದವು. 1892ರಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ. ಕೊನೆಯ ದಿನಗಳಲ್ಲಿ ಅವಳ ಕೂಗು ತಡೆಯಲಾಗದೆ ಪಕ್ಕದ ಮನೆಯವರು ಪತ್ರ ಬರೆದು ದೂರಿದರು. 1894ರ ಡಿಸೆಂಬರ್ 29ರಂದು ತೀರಿಕೊಂಡಳು. ಇಷ್ಟು ನೋವು ಉಂಡವಳ ಪದ್ಯದಲ್ಲಿ ಸಾವು ಜಾಸ್ತಿ ಬಂದರೆ ಅದು ಸಹಜ ಅಲ್ವಾ? ಅದನ್ನು ದುಃಖ ಅಂತಲೇ ಒಪ್ಪಿಕೊಂಡರೆ ಅವಳ ಗೌರವ ಕಮ್ಮಿ ಆಗುವುದಿಲ್ಲ.


ತುಂಗೆಯ ದಡ:

ಸರ್, ನೋವು ಇತ್ತು, ಒಪ್ಪುತ್ತೇನೆ. ಆದರೆ ಅವಳು ಹುಟ್ಟಾ ಮೆತ್ತಗಿನವಳಾಗಿರಲಿಲ್ಲ. ಚಿಕ್ಕಂದಿನಲ್ಲಿ ಭಾರೀ ಸಿಟ್ಟಿನ ಹುಡುಗಿ. ಅಮ್ಮ ಗದರಿದ್ದಕ್ಕೆ ಕತ್ತರಿ ತೆಗೆದುಕೊಂಡು ತನ್ನ ತೋಳನ್ನೇ ಗೀರಿಕೊಂಡಿದ್ದಳು. ಇದನ್ನು ದೊಡ್ಡವಳಾದ ಮೇಲೆ ಅವಳೇ ಅಣ್ಣನ ಮಗಳಿಗೆ ಹೇಳಿದ್ದು. ಆ ಸಿಟ್ಟು ಎಲ್ಲಿಗೆ ಹೋಯಿತು? ಕಾಯಿಲೆಗೆ ಹೋಯಿತು ಅಂತ ಹೇಳಬಹುದು. ಪ್ರಾರ್ಥನೆಗೆ ಹೋಯಿತು ಅನ್ನಲೂಬಹುದು. ನಾನು ಅದನ್ನು ಅವಳ ಸಾಲುಗಳ ಬಿಗಿಯಲ್ಲಿ ಕಾಣುತ್ತೇನೆ. ಅಳುಮುಂಜಿ ಬರೆಯುವ ಪದ್ಯ ಸಡಿಲವಾಗಿರುತ್ತದೆ. ಇವಳಲ್ಲಿ ಒಂದು ಪದ ತೆಗೆದರೆ ಇಡೀ ಪದ್ಯ ಅಲುಗಾಡುತ್ತದೆ.

'ನಾನು ಸತ್ತಾಗ' ಎಂದು ಶುರುವಾಗುವ ಹಾಡನ್ನೇ ನೋಡಿ, 1848ರದು. ನನಗಾಗಿ ಶೋಕಗೀತೆ ಹಾಡಬೇಡ, ತಲೆಯ ಬಳಿ ಗುಲಾಬಿ ನೆಡಬೇಡ, ಸಮಾಧಿಗಳ ಬಳಿ ನೆಡುವ ಸೈಪ್ರೆಸ್ ಮರವೂ ಬೇಡ. ಮೇಲೆ ಹುಲ್ಲು ಬೆಳೆದರೆ ಸಾಕು. ನೆನೆಯಬೇಕೆನಿಸಿದರೆ ನೆನೆ, ಮರೆಯಬೇಕೆನಿಸಿದರೆ ಮರೆ. ಇಲ್ಲಿಗೇ ನಿಂತಿದ್ದರೆ ತ್ಯಾಗದ ಪದ್ಯ ಅನ್ನಬಹುದಿತ್ತು. ಎರಡನೇ ನುಡಿಯ ಕೊನೆಗೆ ಬನ್ನಿ. ನಾನೂ ನೆನೆದರೆ ನೆನೆದೇನು, ಮರೆತರೆ ಮರೆತೇನು ಅಂತ ಅವನಿಗೆ ಸಮಸಮವಾಗಿ ಹೇಳುತ್ತಾಳೆ. ಅವನಿಗೆ ಕೊಟ್ಟ ಸ್ವಾತಂತ್ರ್ಯವನ್ನು ತಾನೂ ಇಟ್ಟುಕೊಂಡಳು.


ಇಂಗ್ಲಿಷ್ ಮೇಷ್ಟ್ರು:

ಇಬ್ಬರೂ ಚಿಕ್ಕ ಪದ್ಯಗಳ ಸುತ್ತಲೇ ಇದ್ದೀರಿ. 'ಗಾಬ್ಲಿನ್ ಮಾರ್ಕೆಟ್' ಬಿಟ್ಟು ಈಕೆಯ ಬಗ್ಗೆ ಮಾತಾಡಲು ಸಾಧ್ಯವೇ ಇಲ್ಲ. 567 ಸಾಲಿನ ಕಥನಕವನ. ಕೈಬರಹದಲ್ಲಿ ಹಾಕಿದ ದಿನಾಂಕ 1859ರ ಏಪ್ರಿಲ್ 27. ಮೊದಲು ಬೇರೆ ಹೆಸರಿತ್ತು, ಈಗಿನ ಹೆಸರು ಸೂಚಿಸಿದ್ದು ಅಣ್ಣ ದಾಂತೆ ಗೇಬ್ರಿಯಲ್. ಅವನು ಚಿತ್ರಕಾರ, ಪ್ರಿ ರಾಫಲೈಟ್ ಎಂಬ ಯುವ ಕಲಾವಿದರ ಬಳಗ ಕಟ್ಟಿದವರಲ್ಲಿ ಒಬ್ಬ. ಆ ಬಳಗದ 'ದಿ ಜರ್ಮ್' ಪತ್ರಿಕೆಯಲ್ಲಿ 1850ರಲ್ಲಿ ಆಕೆ ಎಲೆನ್ ಅಲೇನ್ ಎಂಬ ಹೆಸರಿನಲ್ಲಿ ಬರೆದಿದ್ದರು.

ಕಥೆ ಹೀಗಿದೆ. ಲಾರಾ, ಲಿಝಿ ಇಬ್ಬರು ಅಕ್ಕತಂಗಿಯರು. ಸಂಜೆಯಾದರೆ ಹೊಳೆಯ ಬಳಿ ಗಾಬ್ಲಿನ್‌ಗಳು, ಅಂದರೆ ಕೇಡು ಬಗೆಯುವ ಕುಳ್ಳ ಭೂತಗಳು, ಹಣ್ಣು ಮಾರುತ್ತಾ ಕೂಗುತ್ತವೆ. ಕುಳ್ಳ ಮೈ, ಒಂದಕ್ಕೆ ಬೆಕ್ಕಿನ ಮುಖ, ಇನ್ನೊಂದಕ್ಕೆ ಬಾಲ, ಮತ್ತೊಂದರದು ಇಲಿಯ ನಡಿಗೆ. ಸೇಬು, ನಿಂಬೆ, ಕಿತ್ತಳೆ, ಚೆರ್ರಿ, ದಾಳಿಂಬೆ, ಅಂಜೂರ, ದ್ರಾಕ್ಷಿ, ಎಲ್ಲ ಒಂದೇ ಕಾಲಕ್ಕೆ ಹಣ್ಣಾಗಿವೆ. ಅಲ್ಲೇ ಎಚ್ಚರಿಕೆ ಇದೆ. ಯಾವ ತೋಟದಲ್ಲಿ ಇವೆಲ್ಲ ಒಟ್ಟಿಗೆ ಹಣ್ಣಾಗುತ್ತವೆ ಹೇಳಿ? ಲಾರಾಳ ಬಳಿ ಕಾಸಿಲ್ಲ. 'ನಿನ್ನ ತಲೆಯ ಮೇಲೆ ಚಿನ್ನ ಇದೆಯಲ್ಲ' ಅನ್ನುತ್ತವೆ. ಆಕೆ ಒಂದು ಸುರುಳಿ ಕೂದಲು ಕತ್ತರಿಸಿ ಕೊಟ್ಟು ಹಣ್ಣು ತಿನ್ನುತ್ತಾಳೆ. ಮಾರನೇ ಸಂಜೆ ಆ ಕೂಗು ಲಿಝಿಗೆ ಕೇಳುತ್ತದೆ, ಲಾರಾಗೆ ಕೇಳುವುದಿಲ್ಲ. ಒಮ್ಮೆ ತಿಂದವರಿಗೆ ಮತ್ತೆ ಸಿಗುವುದಿಲ್ಲ. ಉಳಿಸಿಕೊಂಡಿದ್ದ ಓಟೆಯನ್ನು ನೆಟ್ಟು ಕಣ್ಣೀರು ಹನಿಸುತ್ತಾಳೆ. ಅದು ಮೊಳೆಯುವುದಿಲ್ಲ. ಕೂದಲು ನೆರೆಯುತ್ತದೆ, ಊಟ ಸೇರುವುದಿಲ್ಲ. ಹೀಗೇ ತಿಂದ ಜೀನಿ ಎಂಬ ಹುಡುಗಿ ಮೊದಲೇ ಸತ್ತಿದ್ದಾಳೆ.

ಲಿಝಿ ಒಂದು ಬೆಳ್ಳಿ ಕಾಸು ಹಿಡಿದು ಹೊರಡುತ್ತಾಳೆ. ಹಣ್ಣು ಕೊಡಿ, ಮನೆಗೆ ಒಯ್ಯುತ್ತೇನೆ ಅನ್ನುತ್ತಾಳೆ. ಇಲ್ಲೇ ಕೂತು ತಿನ್ನು ಅನ್ನುತ್ತವೆ. ಆಗುವುದಿಲ್ಲ, ನನ್ನ ಕಾಸು ವಾಪಸ್ ಕೊಡಿ ಅನ್ನುತ್ತಾಳೆ. ಆಮೇಲೆ ಅವು ಪರಚುತ್ತವೆ, ಕೂದಲು ಕೀಳುತ್ತವೆ, ಹಣ್ಣನ್ನು ಮುಖಕ್ಕೆ ಒತ್ತುತ್ತವೆ. ಲಿಝಿ ತುಟಿ ಬಿಚ್ಚುವುದಿಲ್ಲ. ಬಾಯಿ ತೆರೆದರೆ ಒಂದು ತುಣುಕನ್ನಾದರೂ ತುರುಕುತ್ತಾರೆ ಅಂತ ಬಿಗಿಯಾಗಿ ನಿಲ್ಲುತ್ತಾಳೆ. ಕೊನೆಗೆ ಸೋತ ಗಾಬ್ಲಿನ್‌ಗಳು ಕಾಸು ಎಸೆದು ಹೋಗುತ್ತವೆ. ಹಣದ ಚೀಲದಲ್ಲಿ ಕಾಸು ಝಣಝಣ ಅನ್ನುತ್ತಿರುವಾಗ ಮನೆಗೆ ಓಡಿಬಂದು, ಮುಖದ ಮೇಲಿನ ರಸವನ್ನು ಹೀರು ಎಂದು ಲಾರಾಳನ್ನು ಕರೆಯುತ್ತಾಳೆ. ಈ ಸಲ ಆ ರಸ ಲಾರಾಗೆ ಕಹಿ. ಆ ಕಹಿಯೇ ಬದುಕಿಸುತ್ತದೆ. ತುಂಗೆಯ ದಡ ಅವರೇ, ನಿಮ್ಮ 'ಬೇಡ' ಇಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದೆ. ಮುಚ್ಚಿದ ತುಟಿಯಾಗಿ.

ಕೊನೆಯಲ್ಲಿ ಇಬ್ಬರಿಗೂ ಮದುವೆಯಾಗಿದೆ, ಮಕ್ಕಳಿದ್ದಾರೆ ಅಂತ ಬರುತ್ತದೆ. ಗಂಡಂದಿರು ಮಾತ್ರ ಪದ್ಯದಲ್ಲಿ ಎಲ್ಲಿಯೂ ಇಲ್ಲ. ತಪ್ಪಿದವಳನ್ನು ಕಾಪಾಡುವುದು ಅಕ್ಕತಂಗಿಯ ಸಂಬಂಧ. ಇದಕ್ಕೆ ಹಿನ್ನೆಲೆ ಇದೆ. 1859ರಿಂದ ಸುಮಾರು 1870ರವರೆಗೆ ರೊಸೆಟ್ಟಿ ಲಂಡನ್ನಿನ ಹೈಗೇಟ್‌ನಲ್ಲಿ, ಸಮಾಜ 'ಕೆಟ್ಟವರು' ಅಂತ ಹೊರಹಾಕಿದ ಹೆಣ್ಣುಮಕ್ಕಳ ಆಶ್ರಯಧಾಮದಲ್ಲಿ ಸೇವೆ ಮಾಡಿದರು. ವಿಕ್ಟೋರಿಯಾ ಕಾಲದ ಕಾದಂಬರಿ, ಚಿತ್ರಗಳಲ್ಲಿ ಅಂಥ ಹುಡುಗಿ ಕೊನೆಗೆ ನದಿಗೆ ಹಾರಬೇಕು, ಇಲ್ಲ ಹಿಮದಲ್ಲಿ ಸಾಯಬೇಕು. ಲಾರಾ ಬೆಳಿಗ್ಗೆ ಎದ್ದು ನಗುತ್ತಾಳೆ. ಕೂದಲಲ್ಲಿ ಒಂದು ನರೆಯೂ ಇಲ್ಲ. ಆ ಕಾಲದಲ್ಲಿ ಹೀಗೆ ಬರೆಯಲು ಎಂಥ ಎದೆಗಾರಿಕೆ ಬೇಕು ಯೋಚಿಸಿ.

ಆಗಿನ ಹೆಸರಾಂತ ಕಲಾವಿಮರ್ಶಕ ಜಾನ್ ರಸ್ಕಿನ್ ಈ ಪದ್ಯಗಳನ್ನು ಓದಿ, ಯಾವ ಪ್ರಕಾಶಕನೂ ಇವನ್ನು ತೆಗೆದುಕೊಳ್ಳುವುದಿಲ್ಲ, ಛಂದಸ್ಸು ಅಡ್ಡಾದಿಡ್ಡಿ, ಮೊದಲು ನೇರವಾದ ಲಯದಲ್ಲಿ ಅಭ್ಯಾಸ ಮಾಡಲಿ ಅಂತ 1861ರಲ್ಲಿ ಅಣ್ಣನಿಗೆ ಬರೆದ. ಅದೇ ವರ್ಷ ಪ್ರಕಾಶಕ ಅಲೆಕ್ಸಾಂಡರ್ ಮ್ಯಾಕ್‌ಮಿಲನ್ ಇದನ್ನು ದುಡಿಯುವ ಜನರ ಒಂದು ಸಂಘದಲ್ಲಿ ಓದಿ ಹೇಳಿದ. ಮೊದಲು ಅವರಿಗೆ ಇವನು ತಮ್ಮನ್ನು ಗೇಲಿ ಮಾಡುತ್ತಿದ್ದಾನೋ ಅನ್ನುವ ಅನುಮಾನ ಬಂತಂತೆ. ನಿಧಾನವಾಗಿ ಇಡೀ ಕೋಣೆ ಸ್ತಬ್ಧವಾಯಿತು. ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. 1862ರಲ್ಲಿ ಪುಸ್ತಕ ಬಂತು, ದಾಂತೆ ಗೇಬ್ರಿಯಲ್‌ನ ಎರಡು ಚಿತ್ರಗಳ ಜೊತೆ. ಪದ್ಯವನ್ನು ಅರ್ಪಿಸಿದ್ದು ಅಕ್ಕ ಮರಿಯಾಗೆ. ರಸ್ಕಿನ್‌ಗೆ ಅಡ್ಡಾದಿಡ್ಡಿ ಕಂಡ ಆ ಲಯವನ್ನು ಗಟ್ಟಿಯಾಗಿ ಓದಿ ನೋಡಿ. ಹಣ್ಣಿನ ಹೆಸರುಗಳು ಎರಡೆರಡು ಮೂರುಮೂರು ಪೆಟ್ಟಿನಲ್ಲಿ ಉರುಳಿ ಬರುತ್ತವೆ. ಉಸಿರು ಬಿಡಲು ಜಾಗ ಕೊಡುವುದಿಲ್ಲ. ಕೊಳ್ಳುವವಳಿಗೆ ಯೋಚಿಸಲು ಸಮಯ ಕೊಡದ ಮಾರಾಟಗಾರನ ಲಯ ಅದು. ನೇರ ಛಂದಸ್ಸಿನಲ್ಲಿ ಅದು ಆಗುತ್ತಲೇ ಇರಲಿಲ್ಲ.


ನೇರಮಾತು:

ಎಲ್ಲ ಸರಿ. ಆದರೆ 1889ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬೇಡ ಎಂಬ ಮನವಿಗೆ ಇದೇ ಕ್ರಿಸ್ಟಿನಾ ಸಹಿ ಹಾಕಿದಳು. ಆ 'ಬೇಡ'ವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ? ಗಾಬ್ಲಿನ್‌ಗಳ ಎದುರು ತುಟಿ ಬಿಗಿದು ನಿಲ್ಲುವ ಹೆಣ್ಣನ್ನು ಬರೆದವಳು, ಪಾರ್ಲಿಮೆಂಟಿನ ವಿಷಯ ಬಂದಾಗ ಗಂಡಸರ ಪಕ್ಕ ನಿಂತಳಲ್ಲ. ನನಗೆ ಇದು ನೋವು ಕೊಡುತ್ತದೆ. ಅವಳನ್ನು ಸ್ತ್ರೀವಾದಿ ಮಾಡುವ ಆತುರದಲ್ಲಿ ಇದನ್ನು ಮುಚ್ಚಿಡಬಾರದು.


ತುಂಗೆಯ ದಡ:

ಮುಚ್ಚಿಡಬಾರದು, ಖಂಡಿತ. ಲೆಕ್ಕಕ್ಕೂ ತೆಗೆದುಕೊಳ್ಳಬೇಕು. ಆದರೆ ಇದಕ್ಕೆ ಮೊದಲು ಅವಳು ಕವಯಿತ್ರಿ ಅಗಸ್ಟಾ ವೆಬ್‌ಸ್ಟರ್‌ಗೆ ಬರೆದ ಪತ್ರವನ್ನೂ ಜೊತೆಗಿಟ್ಟು ಓದಬೇಕು. ವೆಬ್‌ಸ್ಟರ್ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದಳು, ಇವಳ ಬೆಂಬಲ ಕೇಳಿದ್ದಳು. ಇವಳು ಬೈಬಲ್ ಆಧಾರ ಕೊಟ್ಟು ಒಲ್ಲೆ ಅಂದಳು. ಅದೇ ಪತ್ರದಲ್ಲಿ ಮುಂದಕ್ಕೆ ಹೋಗಿ, ಮತವಿಲ್ಲದ ಕಾರಣಕ್ಕೆ ಹೆಂಗಸರ ಹಕ್ಕುಗಳು ತುಳಿತಕ್ಕೆ ಸಿಗುವುದೇ ಖಚಿತವಾದರೆ, ಹೆಂಗಸರು ಪಾರ್ಲಿಮೆಂಟ್ ಸದಸ್ಯರಾಗುವುದೇ ನ್ಯಾಯ ಅನ್ನುತ್ತಾಳೆ. ಮತ ಕೊಡುವುದಾದರೆ ಮದುವೆಯಾದವರನ್ನು ಯಾಕೆ ಬಿಡುತ್ತೀರಿ ಅಂತಲೂ ಕೇಳುತ್ತಾಳೆ. ಆಗ ಚಳವಳಿಯಲ್ಲಿ ಬಹಳ ಮಂದಿ ಮದುವೆಯಾಗದವರಿಗೆ ಮತ್ತು ವಿಧವೆಯರಿಗೆ ಮಾತ್ರ ಮತ ಕೇಳುತ್ತಿದ್ದರು. ಅಂದರೆ ಅವಳ ಯೋಚನೆ ಚಳವಳಿಗಿಂತ ಮುಂದಕ್ಕೆ ಜಿಗಿಯಿತು, ನಂಬಿಕೆ ಹಿಂದಕ್ಕೆ ಎಳೆಯಿತು. ಕೊನೆಗೆ ನಂಬಿಕೆ ಗೆದ್ದಿತು. ನನಗೂ ಆ ಸಹಿ ಇಷ್ಟವಿಲ್ಲ.


ಕರಾವಳಿ ಓದುಗಿ:

ನಂಬಿಕೆ ಅವಳನ್ನು ಹಿಂದಕ್ಕೆ ಎಳೆಯಿತು ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ ಅಕ್ಕಾ! ನಾನು ಚರ್ಚಿಗೆ ಹೋಗುವವಳು. ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಗಾಯನ ತಂಡದಲ್ಲಿ 'ಇನ್ ದಿ ಬ್ಲೀಕ್ ಮಿಡ್‌ವಿಂಟರ್' ಹಾಡುತ್ತೇವೆ. ಎಷ್ಟೋ ಜನಕ್ಕೆ ಅದು ರೊಸೆಟ್ಟಿಯ ಪದ್ಯ ಅಂತಲೇ ಗೊತ್ತಿಲ್ಲ. 1872ರಲ್ಲಿ ಅಮೆರಿಕದ 'ಸ್ಕ್ರಿಬ್ನರ್ಸ್ ಮಂತ್ಲಿ' ಪತ್ರಿಕೆಯಲ್ಲಿ ಬಂದದ್ದು. ಗುಸ್ತಾವ್ ಹೋಲ್ಸ್ಟ್ 1906ರಲ್ಲಿ ರಾಗ ಹಾಕಿದರು. ಅವಳು ಇರುವಾಗ ಹಾಡಾಗಿ ಕೇಳಲೇ ಇಲ್ಲ.

ಅದರಲ್ಲಿ ನೆಲ ಕಬ್ಬಿಣದ ಹಾಗೆ, ನೀರು ಕಲ್ಲಿನ ಹಾಗೆ. ಹಿಮದ ಮೇಲೆ ಹಿಮ, ಅದರ ಮೇಲೆ ಹಿಮ. ಸ್ವರ್ಗವೇ ಹಿಡಿಸಲಾರದ ದೇವರಿಗೆ ಒಂದು ಕೊಟ್ಟಿಗೆ ಸಾಕಾಯಿತು, ಎದೆ ತುಂಬ ಹಾಲು, ಗೋದಲಿ ತುಂಬ ಹುಲ್ಲು ಸಾಕಾಯಿತು ಅನ್ನುತ್ತಾಳೆ. ದೇವದೂತರು ಗುಂಪುಗುಂಪಾಗಿ ನೆರೆದಿದ್ದಾರೆ. ಪೂಜೆ ಮಾಡುವವಳು ಮಾತ್ರ ಅವನ ತಾಯಿ, ಅದೂ ಒಂದು ಮುತ್ತು ಕೊಟ್ಟು. ದೇವರನ್ನು ಇಷ್ಟು ಹತ್ತಿರ ತಂದವಳನ್ನು ಕಟ್ಟುಪಾಡಿನ ಸೆರೆಯಾಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೌದು, ಅವಳ ಮಡಿ ಜಾಸ್ತಿಯೇ. ಸ್ವಿನ್‌ಬರ್ನ್ ಕವಿಯ 'ಅಟಲಾಂಟಾ' ನಾಟಕ ಅವಳಿಗೆ ಇಷ್ಟ. ಆದರೆ ಅದರಲ್ಲಿ ದೇವರನ್ನು ನಿಂದಿಸುವ ಸಾಲುಗಳ ಮೇಲೆ ಕಾಗದದ ಚೂರು ಅಂಟಿಸಿಟ್ಟಿದ್ದಳು. ಬೀದಿಯಲ್ಲಿ ಬಿದ್ದ ಕಾಗದವನ್ನು ತುಳಿಯುತ್ತಿರಲಿಲ್ಲ ಅಂತ ಹೇಳುತ್ತಾರೆ. ದೇವರ ಹೆಸರು ಅಚ್ಚಾಗಿದ್ದರೆ ಅನ್ನುವ ಅಳುಕು. ಇಂಗ್ಲಿಷ್ ವಿಮರ್ಶಕರಿಗೆ ಇದು ವಿಚಿತ್ರ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಆಮೇಲೆ ಕೇಲಿ. ಚಾರ್ಲ್ಸ್ ಬ್ಯಾಗಟ್ ಕೇಲಿ, ಇಟಲಿಯ ಹಳೆಯ ಮಹಾಕವಿ ದಾಂತೆಯನ್ನು ಇಂಗ್ಲಿಷಿಗೆ ತಂದವನು. ತೀರಾ ನಾಚಿಕೆಯ ಮನುಷ್ಯ, ಹರಕಲು ಕೋಟಿನ ವಿದ್ವಾಂಸ. 1866ರಲ್ಲಿ ಮದುವೆಯಾಗೋಣ ಅಂತ ಕೇಳಿದ. ಅವನ ನಂಬಿಕೆ ತನ್ನದಕ್ಕೆ ಹೊಂದುವುದಿಲ್ಲ ಅಂತ ಇವಳು ಒಪ್ಪಲಿಲ್ಲ. ಆದರೆ ಸ್ನೇಹ ಬಿಡಲಿಲ್ಲ. ಒಮ್ಮೆ ಅವನು ಮದ್ಯಸಾರದಲ್ಲಿಟ್ಟ ಒಂದು ಕಡಲ ಹುಳುವನ್ನು ಉಡುಗೊರೆ ಕೊಟ್ಟ. ಇಂಗ್ಲಿಷಿನಲ್ಲಿ ಅದನ್ನು ಕಡಲ ಇಲಿ ಅನ್ನುತ್ತಾರೆ. ಅದರ ಮೇಲೂ ಒಂದು ಮುದ್ದಾದ ಪದ್ಯ ಬರೆದಳು. 1883ರ ಡಿಸೆಂಬರಿನಲ್ಲಿ ಅವನು ನಿದ್ದೆಯಲ್ಲೇ ಹೋದ. ಸುದ್ದಿ ತಿಳಿಸಲು ಅವಳು ವಿಲಿಯಂನ ಕಚೇರಿಗೆ ಹೋದಳು. ಆ ಮುಖವನ್ನು, ದನಿಯನ್ನು ಹಿಡಿದಿಟ್ಟುಕೊಂಡ ಆ ಬಿಗುವನ್ನು ಮರೆಯಲಾಗದು, ಆದರೂ ಅವಳು ಅಳಲಿಲ್ಲ ಅಂತ ವಿಲಿಯಂ ಬರೆದಿದ್ದಾನೆ. ಅವಳು ಸತ್ತ ಮೇಲೆ ಮೇಜಿನೊಳಗೆ ಇಟಾಲಿಯನ್ ಭಾಷೆಯ ಪ್ರೇಮಪದ್ಯಗಳ ಕಟ್ಟು ಸಿಕ್ಕಿತು. ಕೇಲಿಗಾಗಿ ಬರೆದದ್ದು. ಬದುಕಿದ್ದಾಗ ಯಾರಿಗೂ ತೋರಿಸಿರಲಿಲ್ಲ.

ಒಂದು ಸಣ್ಣ ವಿಷಯ. ಈ ಕೇಲಿಯ ಅಣ್ಣ ಆರ್ಥರ್ ಕೇಲಿ. ಗಣಿತ ಓದಿದವರಿಗೆ ಕೇಲಿ ಹ್ಯಾಮಿಲ್ಟನ್ ಪ್ರಮೇಯ ನೆನಪಿರಬೇಕು, ಅದೇ ಕೇಲಿ! ಅವನ ಪುಟ್ಟ ಮಗನೇ ರೊಸೆಟ್ಟಿಯ ಶಿಶುಗೀತೆಗಳ ಪುಸ್ತಕ 'ಸಿಂಗ್ ಸಾಂಗ್'ಗೆ ಪ್ರೇರಣೆ. 1872ರಲ್ಲಿ ಆರ್ಥರ್ ಹ್ಯೂಸ್‌ನ ಚಿತ್ರಗಳ ಜೊತೆ ಬಂತು. 'ಗಾಳಿಯನ್ನು ಕಂಡವರು ಯಾರು' ಎಂದು ಕೇಳುವ ಪದ್ಯ ಅದರದೇ.


ಹಳೆ ಪುಸ್ತಕ:

'ಸಿಂಗ್ ಸಾಂಗ್' ನೆನಪಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಬರೀ ಗಾಳಿ, ಕುರಿಮರಿ ಇಲ್ಲ. ಮಗು ಯಾಕೆ ಸತ್ತಿತು, ಅಪ್ಪ ನಿಟ್ಟುಸಿರಿಡುವಂತೆ ಅಮ್ಮ ಅಳುವಂತೆ ಯಾಕೆ ಮಾಡಿತು ಎಂದು ಕೇಳುವ ಪದ್ಯವೂ ಇದೆ. ಖಾಲಿ ತೊಟ್ಟಿಲು ಅಂದಿನ ಮನೆಗಳಲ್ಲಿ ಮಾಮೂಲು. ಮಕ್ಕಳ ಮುಂದೆಯೂ ಅದನ್ನು ಮುಚ್ಚಿಡಲಿಲ್ಲ ಈಕೆ. ಅಂದಹಾಗೆ, ಕೇಲಿಯ ಸುದ್ದಿ ಹೇಳಲು ಬಂದಾಗ ಅವಳು ಅಳಲಿಲ್ಲ ಅನ್ನುವ ಮಾತು ನನ್ನನ್ನು ಅಲ್ಲಾಡಿಸಿದೆ. ಈ ಚರ್ಚೆಯ ತಲೆಬರಹಕ್ಕೆ ನನ್ನ ಉತ್ತರ ಈಗ 'ಅಲ್ಲ' ಅಂತಲೇ. ದುಃಖ ಇತ್ತು ಅನ್ನುವುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.


ಲಂಡನ್ ಕನ್ನಡಿಗ:

ನಾನು ಇಲ್ಲೇ ಉತ್ತರ ಲಂಡನ್ನಿನಲ್ಲಿ ಇರುವುದು. ಹೈಗೇಟ್ ಸ್ಮಶಾನಕ್ಕೆ ನಮ್ಮವರು ಬಂದರೆ ಪೂರ್ವದ ಭಾಗದಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿ ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಪಶ್ಚಿಮದ ಭಾಗದಲ್ಲಿ ರೊಸೆಟ್ಟಿ ಕುಟುಂಬದ ಸಮಾಧಿ ಇದೆ. ಕ್ರಿಸ್ಟಿನಾ, ಅವಳ ಅಪ್ಪ ಅಮ್ಮ, ವಿಲಿಯಂ ಅಲ್ಲೇ ಇದ್ದಾರೆ. ದಾಂತೆ ಗೇಬ್ರಿಯಲ್ ಇಲ್ಲ, ಅವನದು ಕೆಂಟ್ ಸೀಮೆಯ ಬರ್ಚಿಂಗ್ಟನ್‌ನಲ್ಲಿ. ಆದರೆ ಅವನ ಹೆಂಡತಿ ಎಲಿಜಬೆತ್ ಸಿಡಾಲ್ ಇಲ್ಲಿದ್ದಾಳೆ.

ಸಿಡಾಲ್ ಚಿತ್ರಗಾರ್ತಿ, ಪದ್ಯವನ್ನೂ ಬರೆಯುತ್ತಿದ್ದಳು. ಜನಕ್ಕೆ ಗೊತ್ತಿರುವುದು ಚಿತ್ರಗಳಲ್ಲಿನ ಅವಳ ಮುಖ ಮಾತ್ರ. 1862ರ ಫೆಬ್ರವರಿಯಲ್ಲಿ ಅಫೀಮಿನ ಔಷಧಿ ಲಾಡನಂ ಅತಿಯಾಗಿ ಸತ್ತಳು. ಗಂಡ ದುಃಖದಲ್ಲಿ ತನ್ನ ಪದ್ಯಗಳ ಹಸ್ತಪ್ರತಿಯನ್ನು ಅವಳ ಪೆಟ್ಟಿಗೆಯಲ್ಲೇ ಇಟ್ಟ. 1869ರಲ್ಲಿ, ಪುಸ್ತಕ ಮಾಡಬೇಕು ಅನಿಸಿ, ರಾತ್ರಿ ಹೊತ್ತು ಸಮಾಧಿ ಅಗೆಸಿ ವಾಪಸ್ ತೆಗೆಸಿದ.

ಈಗ ಕ್ರಿಸ್ಟಿನಾಳ 'ಇನ್ ಆ್ಯನ್ ಆರ್ಟಿಸ್ಟ್ಸ್ ಸ್ಟುಡಿಯೋ' ಸಾನೆಟ್ ಓದಿ. ಬರೆದದ್ದು 1856ರ ಕ್ರಿಸ್‌ಮಸ್ ಹಿಂದಿನ ದಿನ, ಸಿಡಾಲ್ ಬದುಕಿದ್ದಾಗಲೇ. ಅಣ್ಣನ ಕೋಣೆಯ ಎಲ್ಲ ಚಿತ್ರಗಳಿಂದಲೂ ಒಂದೇ ಮುಖ ನೋಡುತ್ತದೆ. ಒಂದರಲ್ಲಿ ರಾಣಿ, ಒಂದರಲ್ಲಿ ಹಸಿರು ಬಟ್ಟೆಯ ಹೆಸರಿಲ್ಲದ ಹುಡುಗಿ, ಒಂದರಲ್ಲಿ ಸಂತಳು. ಹಗಲೂ ರಾತ್ರಿ ಅವನು ಆ ಮುಖವನ್ನು ಉಣ್ಣುತ್ತಾನೆ ಅನ್ನುತ್ತಾಳೆ. ಉಣ್ಣುತ್ತಾನೆ ಅಂತಲೇ. ಚಿತ್ರದಲ್ಲಿರುವವಳು ಈಗ ಇರುವಂತೆ ಇಲ್ಲ, ಅವನ ಕನಸನ್ನು ತುಂಬುವಂತೆ ಇದ್ದಾಳೆ ಅಂತ ಮುಗಿಸುತ್ತಾಳೆ. ಯೇಸುವಿನ ತಾಯಿ ಮೇರಿಯ ಮೇಲೆ ಅಣ್ಣ ಬರೆದ ಚಿತ್ರಗಳಿಗೆ ಕ್ರಿಸ್ಟಿನಾಳೇ ರೂಪದರ್ಶಿಯಾಗಿ ಕೂತವಳು. ಅಲುಗಾಡದೆ ಕೂರುವುದು ಏನು ಅಂತ ಅವಳಿಗೆ ಗೊತ್ತಿತ್ತು. ಈ ಸಾನೆಟ್ ಅಚ್ಚಾದದ್ದು 1896ರಲ್ಲಿ, ಮೂವರೂ ಸತ್ತ ಮೇಲೆ.


ನೇರಮಾತು:

ಈ ಪದ್ಯ ನನಗೆ ಗೊತ್ತೇ ಇರಲಿಲ್ಲ. ಈಗಲೇ ಓದಿದೆ. ಮೈ ಜುಮ್ ಅಂತು. ಇಂದಿಗೂ ಹೆಣ್ಣಿನ ಮುಖವನ್ನು ಹೀಗೆ ಬಳಸಿಕೊಳ್ಳುವವರಿಗೆ ಓದಿ ಹೇಳಬೇಕು. ಆದರೂ ಆ ಸಹಿಯನ್ನು ನಾನು ಮನ್ನಿಸುವುದಿಲ್ಲ. ಎರಡೂ ಒಬ್ಬಳದೇ ಕೈಬರಹ ಅಂತ ಇಟ್ಟುಕೊಂಡು ಓದುತ್ತೇನೆ.


ಹೊಸಬ:

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನ ಓದಿದವನು, ಇಂಗ್ಲಿಷ್ ಕವಿತೆ ಅಷ್ಟಕ್ಕಷ್ಟೇ. ಇದನ್ನೆಲ್ಲ ಓದಿ ಆಸೆ ಹುಟ್ಟಿದೆ. ಎಲ್ಲಿಂದ ಶುರು ಮಾಡಲಿ? ಮತ್ತೆ ಒಂದು ಪ್ರಶ್ನೆ. ಇವಳು ಮದುವೆ, ಕೆಟ್ಟ ಹೆಸರು, ಪ್ರೇಮ ಎಲ್ಲ ಬರೆದಿದ್ದಾಳಲ್ಲ, ಅನುಭವವೇ ಇಲ್ಲದೆ ಹೇಗೆ ಬರೆದಳು ಅಂತ ಆಗ ಯಾರೂ ಕೇಳಲಿಲ್ಲವೇ?


ತುಂಗೆಯ ದಡ:

ಕೇಳಿದರು! ಅವಳ ಅಣ್ಣನೇ ಕೇಳಿದ. 1866ರ ಸಂಗ್ರಹದಲ್ಲಿ, ಮದುವೆಯಿಲ್ಲದೆ ಹುಟ್ಟಿದ ಮಗಳೊಬ್ಬಳು ತನ್ನ ಕಥೆ ಹೇಳಿಕೊಳ್ಳುವ ಉದ್ದನೆಯ ಪದ್ಯವಿದೆ. ತಾಯಿ ಊರಿನ ದೊಡ್ಡ ಮನೆಯವಳು. ಮಗಳೆಂದು ಬಾಯಿಬಿಟ್ಟು ಹೇಳಲಾರಳು, ದೂರ ಇಡಲೂ ಆರಳು. ಹಾಗಾಗಿ ಕೆಲಸದವಳ ಹಾಗೆ ಹತ್ತಿರ ಇಟ್ಟುಕೊಳ್ಳುತ್ತಾಳೆ. ಮಗಳಿಗೆ ಎಲ್ಲ ಗೊತ್ತು, ಆದರೂ ಬಾಯಿಬಿಡುವುದಿಲ್ಲ. ಹೆಂಗಸು ಇಂಥ ವಿಷಯ ಬರೆಯುವುದು ಸರಿಯೇ ಅಂತ ದಾಂತೆ ಗೇಬ್ರಿಯಲ್ ತಕರಾರು ತೆಗೆದ. ಇವಳು ಬಹಳ ಮರ್ಯಾದೆಯಿಂದ ಉತ್ತರ ಬರೆದಳು. ಆ ಹುಡುಗಿಯ ಅನುಭವ ನನಗಿಲ್ಲ, ದೇವರ ದಯೆ. ಆದರೆ ಕವಿಮನಸ್ಸು ಎಷ್ಟೋ ಕಾಣದ ಸಂಗತಿಗಳನ್ನು ತನ್ನೊಳಗಿನಿಂದಲೇ ಕಟ್ಟುವಾಗ ಇವಳೊಬ್ಬಳನ್ನು ಯಾಕೆ ಕಟ್ಟಬಾರದು ಅಂತ. ಪದ್ಯ ಪುಸ್ತಕಕ್ಕೆ ಹೋಯಿತು.

ಶುರು ಮಾಡಲು 'ವಿಂಟರ್: ಮೈ ಸೀಕ್ರೆಟ್' ಓದಿ. ಗುಟ್ಟು ಹೇಳಲೇ? ಇಲ್ಲ, ಇವತ್ತು ಬೇಡ, ಚಳಿ ಜಾಸ್ತಿ. ಅಥವಾ ಗುಟ್ಟೇ ಇಲ್ಲವೋ ಏನೋ. ಹೀಗೆ ಆಟವಾಡುತ್ತಾಳೆ. ಮೊದಲೇ ಸಾವಿನ ಪದ್ಯ ಓದಿದರೆ ಈ ತುಂಟತನ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ 'ನೋ, ಥ್ಯಾಂಕ್ ಯು, ಜಾನ್'. ಆಮೇಲೆ ಮೇಷ್ಟ್ರು ಹೇಳಿದ 'ಗಾಬ್ಲಿನ್ ಮಾರ್ಕೆಟ್', ಗಟ್ಟಿಯಾಗಿ.

ಸ್ವಲ್ಪ ಕೈ ಪಳಗಿದ ಮೇಲೆ 1881ರ 'ಮೊನ್ನಾ ಇನ್ನೊಮಿನಾಟಾ', 14 ಸಾನೆಟ್‌ಗಳ ಮಾಲೆ. ಇಟಲಿಯ ಕವಿಗಳಾದ ದಾಂತೆಗೆ ಬಿಯಾಟ್ರಿಸ್, ಪೆಟ್ರಾರ್ಕನಿಗೆ ಲಾರಾ ಎಂಬ ಪ್ರೇಯಸಿಯರು. ಶತಮಾನಗಳ ಕಾಲ ಗಂಡಸರು ಆ ಹೆಂಗಸರ ಮೇಲೆ ಹಾಡು ಕಟ್ಟಿದರು, ಆ ಹೆಂಗಸರು ಏನು ಹೇಳುತ್ತಿದ್ದರು ಅಂತ ಯಾರೂ ಕೇಳಲಿಲ್ಲ. ಇವಳು ಹೆಸರಿಲ್ಲದ ಅಂಥ ಒಬ್ಬಳಿಗೆ ಬಾಯಿ ಕೊಟ್ಟಳು. ಒಂದೊಂದು ಸಾನೆಟ್ ತಲೆಗೂ ದಾಂತೆಯ ಒಂದು ಸಾಲು, ಪೆಟ್ರಾರ್ಕನ ಒಂದು ಸಾಲು ಇಟ್ಟು, ಅದರ ಕೆಳಗೆ ಅವಳ ಮಾತು. ನಾಲ್ಕನೆಯದರಲ್ಲಿ, ನಾನು ನಿನ್ನನ್ನು ಮೊದಲು ಪ್ರೀತಿಸಿದೆ, ಆಮೇಲೆ ನಿನ್ನ ಪ್ರೀತಿ ಎತ್ತರದ ದನಿಯಲ್ಲಿ ಹಾಡಿ ನನ್ನದನ್ನು ಮುಳುಗಿಸಿತು ಅನ್ನುತ್ತಾಳೆ. ಗಂಡಸರ ಪ್ರೇಮಕಾವ್ಯದ ಪೂರ್ತಿ ಚರಿತ್ರೆ ಆ ಎರಡು ಮೂರು ಸಾಲಿನಲ್ಲಿದೆ.


ಹೊಸಬ:

'ಜಾನ್' ಪದ್ಯ ಓದಿದೆ. ನಿನಗೆ 'ಹೂಂ' ಅನ್ನುವುದಕ್ಕಿಂತ ಐವತ್ತು ಜಾನ್‌ಗಳಿಗೆ 'ಬೇಡ' ಅನ್ನುವುದು ವಾಸಿ ಅಂತ ನೇರ ಮುಖಕ್ಕೇ ಹೇಳುತ್ತಾಳೆ! ನಾನು ನಿನ್ನನ್ನು ಪ್ರೀತಿಸುತ್ತೇನೆ ಅಂತ ಯಾವತ್ತೂ ಹೇಳಿಲ್ಲ, ಆಮೇಲೆ ನನ್ನನ್ನು ಕಲ್ಲೆದೆಯವಳು ಅನ್ನಬೇಡ, ಸ್ನೇಹ ಬೇಕಾದರೆ ಇಗೋ ಕೈ, ಅದಕ್ಕಿಂತ ಹೆಚ್ಚಿಲ್ಲ ಅಂತ. ಇದು 1860ರ ಪದ್ಯ ಅಂದರೆ ನಂಬಲಾಗುತ್ತಿಲ್ಲ. ಈ ಜಾನ್ ನಿಜವಾಗಿ ಇದ್ದನೇ?


ಇಂಗ್ಲಿಷ್ ಮೇಷ್ಟ್ರು:

ಇದ್ದ. ಚಿತ್ರಕಾರ ಜಾನ್ ಬ್ರೆಟ್ ಅಂತ ವಿಲಿಯಂ ಬರೆದಿದ್ದಾನೆ. ದಾಂತೆ ಗೇಬ್ರಿಯಲ್‌ಗೆ ಈ ಪದ್ಯ ಹಿಡಿಸಲೇ ಇಲ್ಲ. 1875ರಲ್ಲಿ ಅವಳ ಸಂಗ್ರಹ ಬಂದಾಗ, ಈ ಗಡಸು ದನಿ ನಿನಗೆ ಒಪ್ಪುವುದಿಲ್ಲ, ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳಿಂದ ಬಂದ ಕೆಟ್ಟ ಚಾಳಿ ಇದು ಅನ್ನುವ ಹಾಗೆ ಪತ್ರ ಬರೆದ. ಮುಂದಿನ ಮುದ್ರಣಗಳಲ್ಲೂ ಆಕೆ ಪದ್ಯವನ್ನು ತೆಗೆಯಲಿಲ್ಲ. ಹೊಸಬ ಅವರೇ, ಹಕ್ಕುಸ್ವಾಮ್ಯ ಮುಗಿದ ಕಾರಣ ಬಹಳಷ್ಟು ಪದ್ಯಗಳು ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪದ್ಯಗಳ ಪಾಠಾಂತರಗಳನ್ನು ಹೋಲಿಸಿ ನೋಡಬೇಕಾದರೆ ಆರ್. ಡಬ್ಲ್ಯೂ. ಕ್ರಂಪ್ ಸಂಪಾದಿಸಿದ ಮೂರು ಸಂಪುಟ ಹುಡುಕಿ. ದೊಡ್ಡ ಲೈಬ್ರರಿಯಲ್ಲಿ ಕೇಳಿ ನೋಡಿ. ಮುಂದಿನ ವಾರ 'ಮೊನ್ನಾ ಇನ್ನೊಮಿನಾಟಾ' ಮೊದಲ ಮೂರು ಸಾನೆಟ್ ಇಲ್ಲೇ ಒಟ್ಟಿಗೆ ಓದೋಣವೇ? ನಾನು ಶುರು ಮಾಡುತ್ತೇನೆ.